ಡಿಜಿಟಲ್ ಖರೀದಿಗೆ ಮುಂಚೆ ಲೈಬ್ರರಿಯನ್ ಅವರನ್ನು ಕೇಳಿ

2025ರ ಜನವರಿಯಿಂದ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಓದುವವರಿಗೆ ದೊಡ್ಡ ಸವಲತ್ತೊಂದು ಸಿಕ್ಕಿದೆ. ಅದರ ಹೆಸರು ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು (ಸಂಶೋಧನಾ ಪತ್ರಿಕೆಗಳು) 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಸಿಗುತ್ತವೆ. ಮುಂಚೆ ಒಂದೇ ಒಂದು ಲೇಖನ ಬೇಕೆಂದರೂ ಪ್ರಕಾಶಕರ ವೆಬ್‌ಸೈಟ್ 30–40 ಡಾಲರ್ ಕೇಳುತ್ತಿತ್ತು. ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್ ಆದ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಸಂಶೋಧನೆ ಮಾಡುವ ಹುಡುಗಿಗೂ ಬೆಂಗಳೂರಿನ ದೊಡ್ಡ ಸಂಸ್ಥೆಯಲ್ಲಿರುವವರಿಗೂ ಓದಿನ ವಿಷಯದಲ್ಲಿ ಇದ್ದ ಅಂತರ ಕಾಗದದ ಮೇಲಂತೂ ತುಂಬಾ ಕಡಿಮೆಯಾಯಿತು.

ಕಾಗದದ ಮೇಲೆ ಅಂತ ಹೇಳುವುದಕ್ಕೆ ಕಾರಣ ಇದೆ. ದೆಹಲಿಯಲ್ಲಿ ದುಡ್ಡು ಕಟ್ಟಿದ ಮಾತ್ರಕ್ಕೆ ಜರ್ನಲ್ ಆ ಹುಡುಗಿಯ ಕೈಗೆ ಬರುವುದಿಲ್ಲ. ಯಾರಾದರೂ ಸಂಸ್ಥೆಯನ್ನು ನೋಂದಾಯಿಸಬೇಕು. ಕ್ಯಾಂಪಸ್‌ನ ಐಪಿ ವಿಳಾಸ, ಅಂದರೆ ಅದರ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ಕೊಡಬೇಕು. ಊರಿಗೆ ಹೋದಾಗ ಓದುವವರಿಗೆ ಲಾಗಿನ್ ಮಾಡಿಸಬೇಕು. ಇಂಥದ್ದೊಂದು ಇದೆ ಎಂದು ತರಗತಿಗೆ ಹೋಗಿ ಹೇಳಬೇಕು. ಸಾವಿರಾರು ಜರ್ನಲ್‌ಗಳ ನಡುವೆ ತನಗೆ ಬೇಕಾದ ನಾಲ್ಕು ಲೇಖನ ಹುಡುಕುವುದು ಹೇಗೆಂದು ಪಕ್ಕದಲ್ಲಿ ಕೂತು ತೋರಿಸಬೇಕು. ಈ ಎಲ್ಲ ಕೆಲಸ ಬಂದು ನಿಲ್ಲುವುದು ಲೈಬ್ರರಿಯನ್ ಮೇಜಿನ ಮೇಲೆ.

ಆದರೆ ಸಂಸ್ಥೆ ಡಿಜಿಟಲ್ ಆಗಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಲೈಬ್ರರಿಯನ್ ಇರುವುದು ಅಪರೂಪ. ಪ್ರಿನ್ಸಿಪಾಲ್ ಇರುತ್ತಾರೆ, ಆಡಳಿತ ಮಂಡಳಿಯವರು ಇರುತ್ತಾರೆ, ಕಂಪ್ಯೂಟರ್ ವಿಭಾಗದವರು ಇರುತ್ತಾರೆ, ಮಾರುವ ಕಂಪನಿಯವರೂ ಇರುತ್ತಾರೆ. ಲೈಬ್ರರಿಯನ್‌ಗೆ ಸುದ್ದಿ ಗೊತ್ತಾಗುವುದು ಬಿಲ್‌ಗೆ ಸಹಿ ಹಾಕುವಾಗ. ನಮ್ಮ ಸಂಸ್ಥೆಗಳ ಡಿಜಿಟಲ್ ಖರ್ಚು ಪೋಲಾಗುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನ್ನ ಬಲವಾದ ನಂಬಿಕೆ.

ಒಂದೇ ಊರು, ಹಲವು ಬಾಗಿಲು

ದಾವಣಗೆರೆಯನ್ನೇ ತೆಗೆದುಕೊಳ್ಳಿ. ಇದು ಓದಿನ ಊರು. 1958ರಲ್ಲಿ ಶುರುವಾದ ಬಾಪೂಜಿ ವಿದ್ಯಾಸಂಸ್ಥೆ ಒಂದರ ಹಿಂದೆ ಒಂದು ಕಾಲೇಜು ಕಟ್ಟಿತು. 2009ರಲ್ಲಿ ವಿಶ್ವವಿದ್ಯಾಲಯ ಬಂತು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬರುತ್ತವೆ. ಇಂಥ ಊರಿನಲ್ಲಿ ಒಬ್ಬ ವಿದ್ಯಾರ್ಥಿಗೆ ಯಾವ ಜರ್ನಲ್ ಸಿಗುತ್ತದೆ ಎನ್ನುವುದು ಅವನು ಯಾವ ಗೇಟಿನೊಳಗೆ ಹೋಗುತ್ತಾನೆ ಎನ್ನುವುದರ ಮೇಲೆ ನಿಂತಿದೆ.

ಸರ್ಕಾರಿ ಸಂಸ್ಥೆಯಾದರೆ ಈ ಹೊಸ ಯೋಜನೆ ಇದೆ. ಖಾಸಗಿ ಕಾಲೇಜುಗಳು ಸದ್ಯಕ್ಕೆ ಇದರಲ್ಲಿಲ್ಲ. ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಂತೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಕಾಲೇಜುಗಳೆಲ್ಲ ಸೇರಿ ಜರ್ನಲ್ ಹಂಚಿಕೊಳ್ಳುವ ‘ಹೆಲಿನೆಟ್’ ಎಂಬ ಒಕ್ಕೂಟ 2003ರಿಂದಲೇ ಇದೆ. ಬಿ.ಐ.ಇ.ಟಿ.ಯಂಥ ಎಂಜಿನಿಯರಿಂಗ್ ಕಾಲೇಜಾದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಇ-ಸಂಪನ್ಮೂಲ ಒಕ್ಕೂಟ. ಅನುದಾನಿತ ಪದವಿ ಕಾಲೇಜಾದರೆ ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಎನ್-ಲಿಸ್ಟ್’ಗೆ ಸೇರಬಹುದು. ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಕಟ್ಟಿದರೆ 6,000ಕ್ಕೂ ಹೆಚ್ಚು ಇ-ಜರ್ನಲ್ ಸಿಗುತ್ತವೆ. ಇವು ಯಾವುದೂ ಬೇಡ, ದುಡ್ಡೇ ಇಲ್ಲ ಎಂದರೂ ದಾರಿ ಇದೆ. ಐಐಟಿ ಖರಗ್‌ಪುರ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಲೈಬ್ರರಿ ಎಲ್ಲರಿಗೂ ತೆರೆದಿದೆ. ಪಿಎಚ್‌ಡಿ ಪ್ರಬಂಧಗಳಿಗೆ ‘ಶೋಧಗಂಗಾ’ ಇದೆ.

ಇಷ್ಟು ಬಾಗಿಲುಗಳಲ್ಲಿ ತನ್ನದು ಯಾವುದು ಎಂದು 19 ವರ್ಷದ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಎಷ್ಟೋ ಸಲ ಅಧ್ಯಾಪಕರಿಗೇ ಗೊತ್ತಿರುವುದಿಲ್ಲ. ಅವರು ಯಾರೋ ಕಳಿಸಿದ ಪಿಡಿಎಫ್‌ನಲ್ಲೇ ಪಾಠ ಮುಗಿಸುತ್ತಾರೆ. ಕಾಲೇಜು ದುಡ್ಡು ಕಟ್ಟಿದ್ದೂ ಇರುತ್ತದೆ, ಯಾರೂ ಬಳಸದೆ ಇರುವುದೂ ಇರುತ್ತದೆ.

ಲಾಗಿನ್ ವಿಷಯ ಇನ್ನೊಂದು. ಐಪಿ ವಿಳಾಸದ ಮೇಲೆ ಕೊಡುವ ಪ್ರವೇಶ ಕ್ಯಾಂಪಸ್‌ನೊಳಗೆ ಮಾತ್ರ ನಡೆಯುತ್ತದೆ. ಜಗಳೂರಿನಿಂದಲೋ ಹೊಳಲ್ಕೆರೆಯಿಂದಲೋ ಬಸ್ಸಿನಲ್ಲಿ ಬಂದು ಸಂಜೆ ನಾಲ್ಕೂವರೆಗೆ ವಾಪಸ್ ಹೊರಡುವ ವಿದ್ಯಾರ್ಥಿಗೆ ಅದರಿಂದ ಏನು ಉಪಯೋಗ? ಅವಳು ಓದುವುದು ರಾತ್ರಿ, ಮನೆಯಲ್ಲಿ, ಮೊಬೈಲ್‌ನಲ್ಲಿ. ಇದಕ್ಕೆಂದೇ ಇನ್‌ಫ್ಲಿಬ್‌ನೆಟ್ ‘ಇನ್‌ಫೆಡ್’ ಎಂಬ ವ್ಯವಸ್ಥೆ ಮಾಡಿದೆ. ಸಂಸ್ಥೆ ಕೊಟ್ಟ ಒಂದೇ ಐಡಿಯಿಂದ ಎಲ್ಲಿ ಕೂತರೂ ಜರ್ನಲ್ ತೆರೆಯಬಹುದು. ಆದರೆ ಪ್ರತಿ ವರ್ಷ ಹೊಸ ಬ್ಯಾಚಿನ ಒಬ್ಬೊಬ್ಬರಿಗೂ ಖಾತೆ ತೆರೆಯಬೇಕು, ಟಿ.ಸಿ. ತೆಗೆದುಕೊಂಡು ಹೋದವರದ್ದು ಮುಚ್ಚಬೇಕು, ಪಾಸ್‌ವರ್ಡ್ ಮರೆತವರಿಗೆ ಮತ್ತೆ ಕೊಡಬೇಕು. ಹೊರಗಿನವರ ಕಣ್ಣಿಗೆ ಬೀಳದ ಕೆಲಸ ಇದು. ಲೈಬ್ರರಿಗೆ ಎಷ್ಟು ಜನ ಬಂದರು ಎಂದು ಗೇಟ್ ರಿಜಿಸ್ಟರ್ ನೋಡಿ ಲೆಕ್ಕ ಹಾಕುವವರಿಗೆ ಇದು ಕಾಣುವುದೇ ಇಲ್ಲ. ಹಾಗಾಗಿ ‘ಲೈಬ್ರರಿ ಖಾಲಿ ಹೊಡೆಯುತ್ತಿದೆ, ಇಬ್ಬರು ಸಿಬ್ಬಂದಿ ಯಾಕೆ?’ ಎಂಬ ಪ್ರಶ್ನೆ ಬರುತ್ತದೆ.

ಹುಡುಕಿದರೆ ಸಿಗಬೇಕಲ್ಲ

‘ಎಲ್ಲ ಸ್ಕ್ಯಾನ್ ಮಾಡಿ ಹಾಕಿದ್ದೇವೆ’ ಎಂದು ಹೆಮ್ಮೆಯಿಂದ ಹೇಳುವ ಸಂಸ್ಥೆಗಳಿವೆ. ಸ್ಕ್ಯಾನ್ ಮಾಡುವುದು ಸುಲಭದ ಭಾಗ. ವಿವರ ಬರೆಯದೆ ಕಂಪ್ಯೂಟರಿಗೆ ಸುರಿದ ಫೈಲು, ಎಪಿಎಂಸಿ ಯಾರ್ಡಿನಲ್ಲಿ ಲಾಟ್ ನಂಬರ್ ಹಾಕದೆ ಇಳಿಸಿದ ಮೆಕ್ಕೆಜೋಳದ ಚೀಲದ ಹಾಗೆ. ಮಾಲು ಇದೆ, ಯಾರದ್ದು ಯಾವುದು ಅಂತ ಗೊತ್ತಾಗುವುದಿಲ್ಲ.

ನಮ್ಮ ಭಾಗದ್ದೇ ಒಂದು ಉದಾಹರಣೆ ಹೇಳುತ್ತೇನೆ. ತ.ರಾ.ಸು. ಮಲೇಬೆನ್ನೂರಿನಲ್ಲಿ ಹುಟ್ಟಿದವರು. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯವರು ‘ನಮ್ಮವರು’ ಎನ್ನುವ ಕಾದಂಬರಿಕಾರ. ಕಾಲೇಜು ಲೈಬ್ರರಿಯ ಕಂಪ್ಯೂಟರ್‌ನಲ್ಲಿ ಅವರ ಹೆಸರು ಹೇಗೆ ದಾಖಲಾಗಿರಬಹುದು ಯೋಚಿಸಿ. ‘ತ.ರಾ.ಸು.’, ‘ತರಾಸು’, ‘ಸುಬ್ಬರಾವ್ ಟಿ.ಆರ್.’, ‘ತ.ರಾ. ಸುಬ್ಬರಾಯ’. ಸಾಲದ್ದಕ್ಕೆ ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವ ಹತ್ತು ರೀತಿ. ದಿನಗೂಲಿ ಮೇಲೆ ಕರೆಸಿದ ಡೇಟಾ ಎಂಟ್ರಿಯವರು ತಮಗೆ ತೋಚಿದಂತೆ ಹೊಡೆದು ಹೋಗಿರುತ್ತಾರೆ. ಆಮೇಲೆ ಬಂದ ಓದುಗ ಒಂದು ರೂಪದಲ್ಲಿ ಹುಡುಕಿದರೆ ಎರಡು ಪುಸ್ತಕ ಸಿಗುತ್ತದೆ, ಉಳಿದ ಪುಸ್ತಕಗಳು ಕಪಾಟಿನಲ್ಲೇ ಇದ್ದರೂ ಇಲ್ಲದ ಹಾಗೆ. ಒಬ್ಬ ಲೇಖಕನಿಗೆ ಒಂದೇ ಅಧಿಕೃತ ಹೆಸರು ಗೊತ್ತುಮಾಡಿ, ಉಳಿದ ರೂಪಗಳನ್ನೆಲ್ಲ ಅದಕ್ಕೆ ಜೋಡಿಸುವ ಪದ್ಧತಿ ಗ್ರಂಥಾಲಯ ವಿಜ್ಞಾನದಲ್ಲಿ ಹಳೆಯದು. ಕಲಿತ ಲೈಬ್ರರಿಯನ್‌ಗೆ ಇದು ಮೊದಲ ಪಾಠ. ಸಾಫ್ಟ್‌ವೇರ್ ತಾನಾಗಿ ಇದನ್ನು ಮಾಡುವುದಿಲ್ಲ.

ಇನ್ನೊಂದು ಇದಕ್ಕಿಂತ ಗಂಭೀರ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟದಲ್ಲಿ ಹಳೆಯ ಚಿತ್ರದುರ್ಗ ಜಿಲ್ಲೆಯ ಶಾಸನಗಳಿವೆ. ದಾವಣಗೆರೆ, ಜಗಳೂರಿನ ಶಾಸನಗಳೂ ಅದರಲ್ಲೇ ಸೇರಿವೆ. ಯಾಕೆಂದರೆ ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ರೈಸ್ ಕಾಲದ ಪುಸ್ತಕಗಳಲ್ಲಿ ಚಿತ್ರದುರ್ಗದ ಹೆಸರು ‘ಚಿಟಲ್‌ಡ್ರೂಗ್’ ಎಂದಿರುತ್ತದೆ. ಈಗಿನ ವಿದ್ಯಾರ್ಥಿ ‘ದಾವಣಗೆರೆ ಶಾಸನ’ ಎಂದು ಹುಡುಕಿದರೆ ಆ ಸಂಪುಟ ಸಿಗುವುದು ಕಷ್ಟ. ತನ್ನ ಊರಿನ ಕಲ್ಲಿನ ಬಗ್ಗೆ ನೂರು ವರ್ಷಕ್ಕೂ ಹಿಂದೆ ಅಚ್ಚಾದದ್ದು ಫೋನಿನಲ್ಲೇ ಇದೆ ಎಂದು ತಿಳಿಯದೆಯೇ ಅವನು ಪ್ರಾಜೆಕ್ಟ್ ಮುಗಿಸಿಬಿಡಬಹುದು. ಆ ದಾಖಲೆಗೆ ಈಗಿನ ಜಿಲ್ಲೆ, ತಾಲ್ಲೂಕಿನ ಹೆಸರು ಸೇರಿಸಿದರೆ ಸಾಕು, ಕೆಲಸ ಆಗುತ್ತದೆ. ಆದರೆ ಜಿಲ್ಲೆಯ ಗಡಿ ಬದಲಾದದ್ದು, ಹೆಸರು ಬದಲಾದದ್ದು, ಯಾವ ಪುಸ್ತಕದಲ್ಲಿ ಏನಿದೆ ಎನ್ನುವುದು ಗೊತ್ತಿರುವ ಮನುಷ್ಯರೇ ಅದನ್ನು ಮಾಡಬೇಕು.

ಕನ್ನಡದ ಪ್ರಬಂಧಗಳ ಕಥೆಯೂ ಹೀಗೇ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪ್ರಬಂಧ ಕಣ್ಣಿಗೆ ಚೆನ್ನಾದ ಕನ್ನಡವಾಗೇ ಕಾಣುತ್ತದೆ. ಆದರೆ ಕಂಪ್ಯೂಟರ್ ಪಾಲಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅದರಲ್ಲಿ ‘ಮದಕರಿ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯುನಿಕೋಡ್‌ನಲ್ಲಿ ಕೊಡಿ ಎಂದು ಪ್ರಬಂಧ ಸ್ವೀಕರಿಸುವಾಗಲೇ ಕಡ್ಡಾಯ ಮಾಡಿದರೆ ಮುಂದಿನವರಿಗೆ ಈ ತೊಂದರೆ ಇರುವುದಿಲ್ಲ. ಬಹುಪಾಲು ಕಡೆ ಪ್ರಬಂಧವನ್ನು ಶೋಧಗಂಗಾಕ್ಕೆ ಏರಿಸುವ ಕೆಲಸ ಲೈಬ್ರರಿಯದ್ದೇ. ನಿಯಮ ಹೇಳುವ ಅಧಿಕಾರವನ್ನೂ ಅವರಿಗೇ ಕೊಡಬಾರದೇಕೆ?

ಮಾರುವವರು ಹೇಳದ ಮಾತು

ಪುಸ್ತಕ ಕೊಂಡರೆ ಅದು ಕಪಾಟಿನಲ್ಲಿ ಉಳಿಯುತ್ತದೆ. ಇ-ಜರ್ನಲ್ ಹಾಗಲ್ಲ, ಅದು ಬಾಡಿಗೆ. ಚಂದಾ ನಿಂತರೆ ಹಳೆಯ ಸಂಚಿಕೆಗಳೂ ಬಾಗಿಲು ಹಾಕಿಕೊಳ್ಳಬಹುದು. ಹಾಗಾಗಿ ‘ನಾವು ದುಡ್ಡು ಕೊಟ್ಟ ವರ್ಷಗಳ ಸಂಚಿಕೆಗಳು ನಮಗೆ ಖಾಯಂ ಉಳಿಯುತ್ತವೆಯಾ?’ ಎಂದು ಒಪ್ಪಂದಕ್ಕೆ ಮುಂಚೆ ಕೇಳಬೇಕು. ಎಷ್ಟು ಜನ ಒಟ್ಟಿಗೆ ತೆರೆಯಬಹುದು, ಮನೆಯಿಂದ ಓದಬಹುದಾ, ಬಳಕೆಯ ಲೆಕ್ಕ ಕೊಡುತ್ತೀರಾ ಎಂದೂ ಕೇಳಬೇಕು. ದೊಡ್ಡ ಪ್ರಕಾಶಕರೆಲ್ಲ ‘ಕೌಂಟರ್’ ಎಂಬ ಒಂದೇ ಮಾದರಿಯಲ್ಲಿ ಬಳಕೆ ವರದಿ ಕೊಡುತ್ತಾರೆ. ವರ್ಷಕ್ಕೆ ಮೂರು ಲಕ್ಷ ಕೊಟ್ಟ ಡೇಟಾಬೇಸ್‌ನಿಂದ 200 ಲೇಖನ ಮಾತ್ರ ಡೌನ್‌ಲೋಡ್ ಆಗಿದ್ದರೆ ಒಂದೊಂದಕ್ಕೆ 1,500 ರೂಪಾಯಿ ಬಿತ್ತು ಅಂತಲೇ ಲೆಕ್ಕ. ಮುಂದಿನ ವರ್ಷ ಅದನ್ನು ಬಿಡಬೇಕಾ, ಅಥವಾ ಯಾರಿಗೂ ಗೊತ್ತಿಲ್ಲದ್ದಕ್ಕೆ ಬಳಕೆ ಕಡಿಮೆಯಾಯಿತಾ? ಇದನ್ನು ತೂಗಿ ನೋಡಬಲ್ಲವರು ಓದುಗರನ್ನು ದಿನಾ ನೋಡುವ ಲೈಬ್ರರಿಯನ್.

ಲೈಬ್ರರಿ ನಡೆಸುವ ಸಾಫ್ಟ್‌ವೇರ್ ಖರೀದಿಯಲ್ಲೂ ಹೀಗೇ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ‘ಕೋಹಾ’ ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಇನ್‌ಫ್ಲಿಬ್‌ನೆಟ್‌ನ ‘ಸೋಲ್’ ಇದೆ. ಸರ್ಕಾರಿ ಲೈಬ್ರರಿಗಳಿಗೆ ಎನ್‌ಐಸಿಯ ‘ಇ-ಗ್ರಂಥಾಲಯ’ ಇದೆ. ಇಷ್ಟೆಲ್ಲ ಇದ್ದರೂ ಕಾಲೇಜಿನ ಫೀಸು-ಹಾಜರಾತಿಯ ಸಾಫ್ಟ್‌ವೇರ್ ಜೊತೆ ‘ಲೈಬ್ರರಿ ಮಾಡ್ಯೂಲ್ ಫ್ರೀ’ ಎಂದು ಬಂದದ್ದನ್ನೇ ಒಪ್ಪಿಕೊಳ್ಳುವವರು ಜಾಸ್ತಿ. ಅದರಲ್ಲಿ ಇಶ್ಯೂ-ರಿಟರ್ನ್ ನಡೆಯುತ್ತದೆ, ನಿಜ. ಆದರೆ ದಾಖಲೆಗಳು ‘ಮಾರ್ಕ್ 21’ ಎಂಬ ಎಲ್ಲ ಕಡೆ ನಡೆಯುವ ಮಾದರಿಯಲ್ಲಿ ಹೊರಗೆ ಬರುತ್ತವಾ? ಬರದಿದ್ದರೆ ಆ ಕಂಪನಿ ಮುಚ್ಚಿದ ದಿನ ವರ್ಷಗಟ್ಟಲೆ ಮಾಡಿದ ಕೆಲಸವೂ ಮುಚ್ಚಿಹೋಗುತ್ತದೆ. ಮತ್ತೆ ಬಂದ ಪುಸ್ತಕಗಳನ್ನೆಲ್ಲ ನಂಬರ್ ಹಾಕಿ ಬರೆದ ಅಕ್ಸೆಶನ್ ರಿಜಿಸ್ಟರ್ ತೆಗೆದು ಒಂದನೇ ನಂಬರಿನಿಂದ ಟೈಪ್ ಮಾಡಬೇಕು. ‘ನಮ್ಮ ಡೇಟಾ ನಮಗೆ ಪೂರ್ತಿ ಸಿಗುತ್ತದೆಯಾ?’ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಇದು ತಪ್ಪುತ್ತಿತ್ತು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಲೈಬ್ರರಿ ಗಣಕೀಕರಣ ಆಗಿದೆಯಾ, ಇ-ಸಂಪನ್ಮೂಲ ಇದೆಯಾ ಎಂದು ಕೇಳುವುದರಿಂದ ಎಷ್ಟೋ ಕಾಲೇಜುಗಳು ಅದೇ ವರ್ಷ ಎಲ್ಲ ಖರೀದಿ ಮುಗಿಸುತ್ತವೆ. ತಂಡ ಬಂದು ಹೋದ ಮೇಲೆ ನವೀಕರಣ ನಿಲ್ಲುತ್ತದೆ. ಸುಮ್ನೆ ಅಂಕಕ್ಕಾಗಿ ಮಾಡಿದ ಖರ್ಚು ಓದುಗರಿಗೆ ಮುಟ್ಟುವುದಿಲ್ಲ. ನೋವಾಗುತ್ತದೆ, ಯಾಕೆಂದರೆ ಅದು ಮಕ್ಕಳು ಕಟ್ಟಿದ ಫೀಸಿನ ದುಡ್ಡು.

ಎಐ ಬಂದ ಮೇಲೆ ಕೆಲಸ ಹೆಚ್ಚಿದೆ

‘ಗೂಗಲ್ ಇದೆ, ಚಾಟ್‌ಜಿಪಿಟಿ ಇದೆ, ಇನ್ನು ಲೈಬ್ರರಿಯನ್ ಯಾಕೆ?’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಆದರೆ ಈ ಉಪಕರಣಗಳು ಇಲ್ಲದ ಲೇಖನವನ್ನು ಇದೆ ಎಂದು ಹೇಳುತ್ತವೆ. ಲೇಖಕರ ಹೆಸರು ನಿಜ, ಜರ್ನಲ್ ಹೆಸರು ನಿಜ, ಲೇಖನ ಮಾತ್ರ ಎಲ್ಲೂ ಇರುವುದಿಲ್ಲ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ತೆತ್ತರು. ಓದು ಬರಹ ಗೊತ್ತಿರುವ ವಕೀಲರೇ ಹೀಗೆ ಬಿದ್ದರೆ ಪದವಿ ವಿದ್ಯಾರ್ಥಿಯ ಗತಿ? ಲೇಖನದ ಗುರುತಿನ ಸಂಖ್ಯೆಯಾದ ಡಿಒಐ ನಂಬರ್ ಹಾಕಿ ನೋಡು, ಜರ್ನಲ್‌ನ ಆ ವರ್ಷದ ಆ ಸಂಚಿಕೆ ತೆರೆದು ಪುಟ ಸಂಖ್ಯೆ ನೋಡು, ಸಿಗದಿದ್ದರೆ ಬಳಸಬೇಡ. ಇಷ್ಟನ್ನು ಒಂದು ಗಂಟೆಯಲ್ಲಿ ಕಲಿಸಬಹುದು. ಕಲಿಸಲು ಟೈಂಟೇಬಲ್‌ನಲ್ಲಿ ಆ ಒಂದು ಗಂಟೆ ಬೇಕು.

ಸಂಶೋಧಕರ ಕಷ್ಟ ಬೇರೆ. ಯುಜಿಸಿಯ 2018ರ ನಿಯಮದಂತೆ ಕೃತಿಚೌರ್ಯ ತಪಾಸಣೆಯಲ್ಲಿ 10 ಶೇಕಡಾದವರೆಗಿನ ಹೋಲಿಕೆಗೆ ದಂಡವಿಲ್ಲ, ಅದಕ್ಕಿಂತ ಹೆಚ್ಚಾದರೆ ಹಂತ ಹಂತವಾಗಿ ಕ್ರಮ. ತಪಾಸಣೆ ಸಾಮಾನ್ಯವಾಗಿ ಲೈಬ್ರರಿಯಲ್ಲೇ ನಡೆಯುತ್ತದೆ. ಪ್ರಬಂಧ ಸಲ್ಲಿಸುವ ಹಿಂದಿನ ದಿನ ಬಂದು ‘ಸರ್, ಹೇಗಾದರೂ ಕಡಿಮೆ ಮಾಡಿಕೊಡಿ’ ಎಂದು ಕೇಳುವವರಿದ್ದಾರೆ. ಆಗ ಲೈಬ್ರರಿಯನ್ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಮೊದಲ ವರ್ಷವೇ ಉಲ್ಲೇಖ ಕೊಡುವುದು ಹೇಗೆ, ಟಿಪ್ಪಣಿ ಮಾಡಿಕೊಳ್ಳುವುದು ಹೇಗೆ ಎಂದು ಕೂರಿಸಿ ಹೇಳಿದ್ದರೆ ಆ ಸ್ಥಿತಿ ಬರುತ್ತಿರಲಿಲ್ಲ.

ಮೇಲಿಂದ 2025ರ ಫೆಬ್ರವರಿಯಲ್ಲಿ ಯುಜಿಸಿ ತನ್ನ ‘ಕೇರ್’ ಪಟ್ಟಿಯನ್ನು ನಿಲ್ಲಿಸಿತು. ಯಾವ ಜರ್ನಲ್ ನಂಬಬಹುದು ಎಂದು ಹೇಳುತ್ತಿದ್ದ ಪಟ್ಟಿ ಅದು. ಅದರಲ್ಲಿ ದೋಷಗಳಿದ್ದವು, ಸರಿ. ಈಗ ಆ ತೀರ್ಮಾನ ಸಂಸ್ಥೆಗಳ ಮೇಲೇ ಬಿದ್ದಿದೆ. ‘ಎರಡೇ ದಿನದಲ್ಲಿ ಪೇಪರ್ ಪ್ರಕಟಿಸುತ್ತೇವೆ, ಇಷ್ಟು ಹಣ ಹಾಕಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಾರದ ಸಂಶೋಧಕ ಇಲ್ಲ. ಜರ್ನಲ್‌ನ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ನಿಜವಾ, ಸಂಪಾದಕ ಮಂಡಳಿಯವರು ನಿಜವಾಗಿಯೂ ಅಲ್ಲಿದ್ದಾರಾ, ಮುಕ್ತ ಜರ್ನಲ್‌ಗಳ ಸೂಚಿಯಾದ ‘ಡಿಒಎಜೆ’ಯಲ್ಲಿ ಇದೆಯಾ ಎಂದು ಪರೀಕ್ಷಿಸಿ ಹೇಳುವ ಒಬ್ಬರು ಪ್ರತಿ ಕಾಲೇಜಿನಲ್ಲೂ ಬೇಕು.

ಆಸ್ಪತ್ರೆಗಳಲ್ಲಿ ಈ ಮಾತಿಗೆ ಇನ್ನೂ ತೂಕ ಜಾಸ್ತಿ. ಅಮೆರಿಕದಲ್ಲಿ 1970ರ ದಶಕದಲ್ಲೇ ‘ಕ್ಲಿನಿಕಲ್ ಲೈಬ್ರರಿಯನ್’ ಎಂಬ ಕೆಲಸ ಶುರುವಾಯಿತು. ಅವರು ವೈದ್ಯರ ಜೊತೆ ರೌಂಡ್ಸ್‌ಗೆ ಹೋಗಿ, ಅಲ್ಲಿ ಬಂದ ಪ್ರಶ್ನೆಗೆ ಬೇಕಾದ ಸಂಶೋಧನೆಯನ್ನು ಹುಡುಕಿ ಕೊಡುತ್ತಾರೆ. ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಸುತ್ತಲ ಜಿಲ್ಲೆಗಳ ರೋಗಿಗಳು ಇಲ್ಲಿಗೇ ಬರುತ್ತಾರೆ. ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಸರಿಯಾದ ವಿಷಯ ಶೀರ್ಷಿಕೆ ಹಾಕಿ ಹುಡುಕಲು ಗೊತ್ತಿರುವ ಒಬ್ಬರು ವಾರ್ಡಿನ ಹತ್ತಿರ ಇದ್ದರೆ ಪಿಜಿ ವೈದ್ಯರ ಎಷ್ಟು ಸಮಯ ಉಳಿಯುತ್ತದೆ! ಓದುಗರ ಸಮಯ ಉಳಿಸು ಎಂದು ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಹೇಳಿದ್ದರು.

ಲೈಬ್ರರಿಯನ್‌ಗಳಿಗೂ ಒಂದು ಮಾತು

ತಪ್ಪೆಲ್ಲ ಆಡಳಿತದವರದ್ದು ಎಂದು ಹೇಳಿದರೆ ಅದು ಅರ್ಧ ಸತ್ಯ. ಕೌಂಟರ್ ಬಿಟ್ಟು ಏಳದವರೂ ಇದ್ದಾರೆ. ಬಾರ್‌ಕೋಡ್ ಅಂಟಿಸಿದರೆ ಗಣಕೀಕರಣ ಮುಗಿಯಿತು ಎಂದುಕೊಂಡವರಿದ್ದಾರೆ. ವಿದ್ಯಾರ್ಥಿ ಪ್ರಶ್ನೆ ಕೇಳಿದರೆ ‘ಸಿಸ್ಟಂನಲ್ಲಿ ನೋಡ್ಕೊ’ ಎನ್ನುವವರೂ ಉಂಟು. ಅಂಥ ಕಡೆ ಲೈಬ್ರರಿಯನ್ ಅವರನ್ನು ಯಾಕೆ ಕೇಳಬೇಕು ಎಂದು ಆಡಳಿತ ಮಂಡಳಿಗೆ ಅನ್ನಿಸುವುದು ಸಹಜ. ಕಲಿಯಲು ದಾರಿಗಳಿವೆ. ಪಕ್ಕದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗ ಇದೆ, ಇನ್‌ಫ್ಲಿಬ್‌ನೆಟ್ ತರಬೇತಿಗಳನ್ನು ನಡೆಸುತ್ತದೆ, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ ‘ಸ್ವಯಂ’ನಲ್ಲಿ ಕೋರ್ಸ್‌ಗಳಿವೆ.

ಆದರೆ ಕಲಿಯಲು ನೆಮ್ಮದಿಯೂ ಬೇಕು. ಯುಜಿಸಿ ನಿಯಮದಲ್ಲಿ ಕಾಲೇಜು ಲೈಬ್ರರಿಯನ್ ವೇತನ ಸಹಾಯಕ ಪ್ರಾಧ್ಯಾಪಕರ ಮಟ್ಟದ್ದೇ. ನೆಲದ ಮೇಲೆ ಅದು ಎಷ್ಟು ಕಡೆ ಇದೆ? ಹುದ್ದೆ ಖಾಲಿ ಬಿಟ್ಟು, ಅತಿಥಿಯಾಗಿ ಬಂದವರಿಗೆ ಅಲ್ಪ ಸಂಬಳ ಕೊಟ್ಟು, ಪರೀಕ್ಷಾ ಡ್ಯೂಟಿ, ನೋ ಡ್ಯೂ ಸಹಿ, ಸ್ಟಾಕ್ ವೆರಿಫಿಕೇಶನ್ ಎಲ್ಲ ಅವರ ಮೇಲೇ ಹಾಕಿ, ಮೇಲೆ ಡಿಜಿಟಲ್ ಕ್ರಾಂತಿಯನ್ನೂ ಮಾಡಿ ಎಂದರೆ ನ್ಯಾಯವಲ್ಲ.

ಹಳ್ಳಿಗಳಲ್ಲೂ ಇದೇ ಪಾಠ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ‘ಅರಿವು ಕೇಂದ್ರ’ಗಳಾಗಿ ಕಂಪ್ಯೂಟರ್ ಬಂದಿವೆ. ಮೇಲ್ವಿಚಾರಕರು ಉತ್ಸಾಹದಿಂದಿರುವ ಕಡೆ ಮಕ್ಕಳು ತುಂಬಿರುತ್ತಾರೆ. ಇಲ್ಲದ ಕಡೆ ಅದೇ ಕಂಪ್ಯೂಟರ್ ಬಟ್ಟೆ ಹೊದ್ದು ಕೂತಿರುತ್ತದೆ.

ದಾವಣಗೆರೆಯಲ್ಲಿ ತಕ್ಷಣ ಆಗಬಹುದಾದ ಒಂದು ಕೆಲಸ ಇದೆ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಆಟೋದಲ್ಲಿ ಹತ್ತು ನಿಮಿಷ. ಆದರೂ ಅಲ್ಲಿ ಯಾವ ಪುಸ್ತಕ ಇದೆ ಎಂದು ಇಲ್ಲಿಯವರಿಗೆ ಗೊತ್ತಿಲ್ಲ. ದುಬಾರಿ ಪುಸ್ತಕವನ್ನು ಎರಡೂ ಕಡೆ ಕೊಳ್ಳುತ್ತಾರೆ, ಅಪರೂಪದ್ದು ಒಂದು ಕಡೆ ಧೂಳು ತಿನ್ನುತ್ತದೆ. ನಗರ ಕೇಂದ್ರ ಗ್ರಂಥಾಲಯವನ್ನೂ ಸೇರಿಸಿಕೊಂಡು ಎಲ್ಲ ಲೈಬ್ರರಿಗಳಿಗೆ ಒಂದೇ ಕ್ಯಾಟಲಾಗ್ ಮಾಡಬಹುದು. ಅದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಟೆಂಡರ್ ಬೇಡ. ಎಲ್ಲರೂ ತಮ್ಮ ದಾಖಲೆಗಳನ್ನು ಮಾರ್ಕ್ 21ರಲ್ಲಿ ಕೊಡಬೇಕು, ಕನ್ನಡ ಪುಸ್ತಕದ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯಬೇಕು, ಒಂದು ಸರ್ವರ್‌ನಲ್ಲಿ ಕೋಹಾ ಹಾಕಬೇಕು. ಎರಡೂ ಜಿಲ್ಲೆಗಳ ಲೈಬ್ರರಿಯನ್‌ಗಳನ್ನು ಒಂದು ದಿನ ಕೂರಿಸುವ ಜಾಗ ಶಿವಗಂಗೋತ್ರಿಯಲ್ಲಿದೆ. ನಾಟಕ ಕಂಪನಿಗಳ ಹ್ಯಾಂಡ್‌ಬಿಲ್, ಹತ್ತಿ ಮಿಲ್ ಕಾಲದ ಕಾರ್ಮಿಕ ಸಂಘಗಳ ಕರಪತ್ರ, ಮಠಗಳ ಸ್ಮರಣ ಸಂಚಿಕೆ, ಹಳೆಯ ಸ್ಥಳೀಯ ಪತ್ರಿಕೆಗಳು ಯಾರ ಬಳಿ ಏನಿದೆ ಎಂಬ ಪಟ್ಟಿಯನ್ನೂ ಅದೇ ದಿನ ಶುರು ಮಾಡಬಹುದು. ಇವು ಯಾವ ಅಂತರರಾಷ್ಟ್ರೀಯ ಡೇಟಾಬೇಸ್‌ನಲ್ಲೂ ಬರುವುದಿಲ್ಲ. ಬರಬೇಕಾದರೆ ಇಲ್ಲಿಂದಲೇ ಹೋಗಬೇಕು.